ಡೊಂಕು ಕಲ್ಲು, ಸಪಾಟು ಓದು

ಬೆಂಗಳೂರಿನ ಪೂರ್ವಕ್ಕೆ ಶಾಸನಗಳಿಗೆ ಬರವಿಲ್ಲ. ದೊಮ್ಮಲೂರಿನ ಚೊಕ್ಕನಾಥಸ್ವಾಮಿ ದೇಗುಲದಲ್ಲಿ ತಮಿಳು ಶಾಸನಗಳಿವೆ. ಕೃಷ್ಣರಾಜಪುರದ ಕಡೆಯ ವಿಭೂತಿಪುರದ 1307ರ ಶಾಸನ ಕೆರೆ ಕಟ್ಟಿದ ಕತೆ ಹೇಳುತ್ತದೆ. ಕೊರತೆ ಇರುವುದು ಸಪಾಟಾದ ಕಲ್ಲಿಗೆ. ಕೆಲವು ಉಬ್ಬಿರುತ್ತವೆ, ಕೆಲವು ಚಕ್ಕೆ ಎದ್ದಿರುತ್ತವೆ, ಎಷ್ಟೋ ಕಲ್ಲುಗಳ ಮೇಲೆ ಸುಣ್ಣ ಬಳಿದಿರುತ್ತಾರೆ. ಅವನ್ನು ಹಾಳೆಗೆ ಇಳಿಸುವಾಗ ಅಕ್ಷರದ ಆಕಾರ ಕೆಡದಂತೆ ನೋಡಿಕೊಳ್ಳುವುದೇ ಈ ಕ್ಷೇತ್ರದ ಹಳೆಯ ತಲೆನೋವು.

ಮೊದಲು ಬಂದದ್ದು ಕ್ಯಾಮೆರಾ. ಮೈಸೂರು ಸರ್ಕಾರಕ್ಕಾಗಿ ಮೇಜರ್ ಡಿಕ್ಸನ್ 1865ರಲ್ಲಿ ತೆಗೆದ ಶಾಸನಗಳ ಫೋಟೋಗಳು ಬಿ.ಎಲ್. ರೈಸರ 1879ರ ‘ಮೈಸೂರ್ ಇನ್‌ಸ್ಕ್ರಿಪ್ಷನ್ಸ್’ಗೆ ಆಧಾರವಾದವು. ಆದರೆ ಫೋಟೋದಲ್ಲಿ ಕಲ್ಲಿನ ಆಳ ಇರುವುದಿಲ್ಲ. ಕ್ಯಾಮೆರಾ ಕೊಂಚ ವಾಲಿದರೆ ಮೇಲಿನ ಸಾಲು ಕುಗ್ಗುತ್ತದೆ, ಬೆಳಕು ನೆತ್ತಿಯ ಮೇಲಿದ್ದರೆ ಅಕ್ಷರವೇ ಕಾಣದು.

ಅದಕ್ಕೇ ಅಚ್ಚು ತೆಗೆಯುವ ಕೆಲಸ ಗಟ್ಟಿಯಾಗಿ ನಿಂತಿತು. ಕಲ್ಲು ತೊಳೆದು, ಒದ್ದೆ ಕಾಗದ ಅಂಟಿಸಿ, ಗಡುಸು ಕುಂಚದಿಂದ ಬಡಿದು ಅಕ್ಷರದ ಕುಳಿಯೊಳಗೆ ಕೂರಿಸಬೇಕು. ಆಮೇಲೆ ಮಸಿ ಒತ್ತಬೇಕು. ಕಪ್ಪು ಹಾಳೆಯಲ್ಲಿ ಅಕ್ಷರ ಬಿಳಿಯಾಗಿ ಏಳುತ್ತದೆ. ಬೆಂಗಳೂರು ಜಿಲ್ಲೆಯ ಶಾಸನಗಳ ‘ಎಪಿಗ್ರಾಫಿಯಾ ಕರ್ನಾಟಿಕಾ’ 9ನೆಯ ಸಂಪುಟ (1905) ಹೊರಬಂದದ್ದು ಆ ಕಾಲದಲ್ಲಿ. ಅಚ್ಚು ತೆಗೆಯುವುದು ಅಗ್ಗದ, ನೇರವಾದ, ಈಗಲೂ ಚಾಲ್ತಿಯಲ್ಲಿರುವ ವಿಧಾನ. ದೋಷವೆಂದರೆ ಒದ್ದೆ ಕಾಗದ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ, ಉಬ್ಬಿನ ಮೇಲೆ ನೆರಿಗೆ ಬೀಳುತ್ತದೆ. ಬಿರುಕೂ ಅಕ್ಷರದ ಗೆರೆಯೂ ಹಾಳೆಯ ಮೇಲೆ ಒಂದೇ ಬಿಳುಪು.

ಡೊಂಕನ್ನು ಸಪಾಟು ಮಾಡುವ ಗಣಿತ ಮಾತ್ರ ಇದೇ ನೆಲದಲ್ಲಿ ಅದಕ್ಕೂ ಮೊದಲೇ ಓಡಾಡಿತ್ತು. 1800ರಲ್ಲಿ ಸರ್ವೆಗಾರ ವಿಲಿಯಂ ಲ್ಯಾಂಬ್ಟನ್ ಅಗರ–ಬಾಣಸವಾಡಿ ನಡುವೆ ಸುಮಾರು 7.4 ಮೈಲಿಯ ಆಧಾರರೇಖೆ ಅಳೆದದ್ದು ಭೂಮಿಯ ಬಾಗನ್ನೂ ಲೆಕ್ಕಕ್ಕೆ ತರುವ ಸರ್ವೆಗಾಗಿ. ಮುಂದೆ ಗಣಿತಜ್ಞ ಗೌಸ್ ಖಚಿತಪಡಿಸಿದ: ಉರುಟು ಕಂಬದ ಮೈಯನ್ನು ಹರಿಯದೆ, ಎಳೆಯದೆ ಬಿಡಿಸಿ ಹಾಸಬಹುದು, ಗೋಳದ ಮೈಯನ್ನು ಸಾಧ್ಯವೇ ಇಲ್ಲ. ಎರಡೂ ದಿಕ್ಕಿಗೆ ಉಬ್ಬಿದ ವೀರಗಲ್ಲಿಗೂ ಇದೇ ಗತಿ. ಯಾವ ಸಾಫ್ಟ್‌ವೇರೂ ಇದನ್ನು ಮೀರಲಾರದು.

ಇತ್ತೀಚಿನ ಹೆಜ್ಜೆಗಳು ಬಿರುಸಾದವು. 1992ರಲ್ಲಿ ಬೆಸ್ಲ್ ಮತ್ತು ಮೆಕೇ, ಬಿಡಿ ಬಿಡಿ ಸ್ಕ್ಯಾನ್ ತುಣುಕುಗಳನ್ನು ಒಂದಕ್ಕೊಂದು ಕೂರಿಸುವ ಕ್ರಮ ಕೊಟ್ಟರು. 2001ರಲ್ಲಿ ಟಾಮ್ ಮಾಲ್ಜ್‌ಬೆಂಡರ್ ಮತ್ತು ಸಂಗಡಿಗರು, ಹಲವು ದಿಕ್ಕಿನ ಬೆಳಕಲ್ಲಿ ತೆಗೆದ ಫೋಟೋಗಳಿಂದ ಪರದೆಯ ಮೇಲೆ ಬೆಳಕನ್ನು ತಿರುಗಿಸಿ ನೋಡುವ ದಾರಿ ತೋರಿದರು. ಪಟ್ಟೆ ಬೆಳಕಿನ ಸ್ಕ್ಯಾನರ್ ಇನ್ನೂ ಮುಂದೆ ಹೋಯಿತು: ಕಲ್ಲಿನ ಮೇಲೆ ಬಿದ್ದ ಪಟ್ಟೆ ಎಲ್ಲಿ ಬಾಗಿತೆಂದು ಕ್ಯಾಮೆರಾ ಓರೆಯಿಂದ ನೋಡಿ ಆಳವನ್ನು ಲೆಕ್ಕ ಹಾಕುತ್ತದೆ. ಸುಡುಬಿಸಿಲಲ್ಲಿ ಪಟ್ಟೆ ಮಾಸುವುದರಿಂದ ನೆರಳು ಹುಡುಕಬೇಕು, ಅಷ್ಟೆ.

ಬೆಂಗಳೂರಿನಲ್ಲಿ ಶಾಸನಗಳ ಸ್ಕ್ಯಾನ್ ಕೆಲಸವನ್ನು ಕೈಗೆತ್ತಿಕೊಂಡದ್ದು ಮಿಥಿಕ್ ಸೊಸೈಟಿ. ದಂಡು ಪ್ರದೇಶದ ಕಲೆಕ್ಟರಾಗಿದ್ದ ಎಫ್.ಜೆ. ರಿಚರ್ಡ್ಸ್ ಮುಂದಾಳತ್ವದಲ್ಲಿ 1909ರಲ್ಲಿ ಹುಟ್ಟಿದ ಸಂಸ್ಥೆಯಿದು. ಪಿ.ಎಲ್. ಉದಯಕುಮಾರ್ ನೇತೃತ್ವದಲ್ಲಿ 2021ರಿಂದ ನಡೆದಿರುವ ಶಾಸನಗಳ 3ಡಿ ಯೋಜನೆ, ಮಾದರಿಗಳನ್ನು ಅಂತರಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟಿದೆ. ನನ್ನ ಮಟ್ಟಿಗೆ ಸ್ಕ್ಯಾನಿಗಿಂತ ದೊಡ್ಡ ಕೆಲಸ ಈ ತೆರೆದಿಟ್ಟದ್ದೇ.

ಏಕೆಂದರೆ ತಿದ್ದುವುದರಲ್ಲೂ ಅಪಾಯವಿದೆ. ಉಬ್ಬನ್ನು ತೆಗೆಯಲು ಕಂಪ್ಯೂಟರು ಕಲ್ಲಿನ ಒಟ್ಟು ಬಾಗಿಗೆ ಹೊಂದುವ ನಯವಾದ ಮೈಯೊಂದನ್ನು ಕಲ್ಪಿಸಿ, ಅದನ್ನು ಕಳೆಯುತ್ತದೆ. ಉಳಿದದ್ದು ಅಕ್ಷರದ ಆಳ. ಆ ಮೈ ತೀರಾ ಬಿಗಿಯಾಗಿ ಹೊಂದಿಕೊಂಡರೆ ಸವೆದ ಅಕ್ಷರವೂ ಉಬ್ಬಿನ ಜೊತೆಗೇ ಹೋಗಿಬಿಡುತ್ತದೆ. ತೀರಾ ಸಡಿಲವಾದರೆ ಡೊಂಕು ಹಾಗೇ ಉಳಿಯುತ್ತದೆ. ಎಲ್ಲಿ ನಿಲ್ಲಿಸಬೇಕೆಂದು ಹೇಳಬೇಕಾದವರು ಲಿಪಿ ಬಲ್ಲವರು. ತಿದ್ದಿದ ಚಿತ್ರದ ಜೊತೆ ತಿದ್ದದ ಮೂಲವನ್ನೂ, ಬಳಸಿದ ಅಳತೆಗಳನ್ನೂ ಕೊಡದ ಸ್ಕ್ಯಾನನ್ನು ಪೂರ್ತಿ ನಂಬಬಾರದು.

ಹಲಸೂರು, ಇಂದಿರಾನಗರ, ಕೆ.ಆರ್. ಪುರದ ಸುತ್ತ ರಸ್ತೆ, ಚರಂಡಿ ಕೆಲಸ ನಡೆಯುವಲ್ಲಿ ಅಕ್ಷರವಿರುವ ಕಲ್ಲು ಕಂಡರೆ ಉಜ್ಜಿ ತೊಳೆಯಬೇಡಿ, ಸುಣ್ಣ ಬಳಿಯಬೇಡಿ. ಓರೆ ಬಿಸಿಲಲ್ಲಿ ಒಂದು ಫೋಟೋ ತೆಗೆದು, ಮಿಥಿಕ್ ಸೊಸೈಟಿಗೋ ಪುರಾತತ್ವ ಇಲಾಖೆಗೋ ಸುದ್ದಿ ಮುಟ್ಟಿಸಿ.