ಸ್ವಾಭಾವಿಕ ಮೇಣವೂ ಜೀವದಯೆಯೂ

ಭಗವಾನ್ ಮಹಾವೀರರ ನಿರ್ವಾಣೋತ್ಸವದ ಮುನ್ನಾದಿನ ಶ್ರಾವಕರೊಬ್ಬರು ನಮ್ಮ ಬಸದಿಗೆ ಮೇಣದ ಬತ್ತಿಗಳ ಪೆಟ್ಟಿಗೆಯೊಂದನ್ನು ಭಕ್ತಿಯಿಂದ ತಂದರು. ಮೇಲೆ ‘ಶುದ್ಧ ಸ್ವಾಭಾವಿಕ ಮೇಣ’ ಎಂದು ಅಚ್ಚಾಗಿತ್ತು. ಸ್ವಾಭಾವಿಕವಾದುದೆಲ್ಲವೂ ನಿರ್ದೋಷವೆಂಬುದು ಅವರ ನಂಬಿಕೆ. ಇತಿಹಾಸವು ಹಾಗೆ ಹೇಳುವುದಿಲ್ಲ.

ಯುರೋಪಿನಲ್ಲಿ ಶತಮಾನಗಳ ಕಾಲ ಬಡವರು ಉರಿಸಿದ್ದು ದನ-ಕುರಿಗಳ ಕೊಬ್ಬಿನ ಬತ್ತಿಯನ್ನು. ಇಗರ್ಜಿಗಳಲ್ಲಿಯೂ ಶ್ರೀಮಂತರ ಮನೆಗಳಲ್ಲಿಯೂ ಉರಿದದ್ದು ಜೇನುಮೇಣದ್ದು. ಲಂಡನ್ನಿನಲ್ಲಿ ಈ ಎರಡು ಕಸುಬುಗಳಿಗೂ ಬೇರೆ ಬೇರೆ ಸಂಘಗಳಿದ್ದು, ಕೊಬ್ಬಿನವರಿಗೆ 1462ರಲ್ಲಿಯೂ ಮೇಣದವರಿಗೆ 1484ರಲ್ಲಿಯೂ ರಾಜಸನದುಗಳು ದೊರೆತವು. 18ನೆಯ ಶತಮಾನದಲ್ಲಿ ಮೂರನೆಯದೊಂದು ಬಂದಿತು: ಸ್ಪರ್ಮ್ ತಿಮಿಂಗಿಲದ ತಲೆಯಿಂದ ತೆಗೆದ ಮೇಣ. ಅದಕ್ಕೆ ದುರ್ಗಂಧವಿಲ್ಲ, ಬೇಸಿಗೆಯಲ್ಲಿ ಬಾಗುವುದಿಲ್ಲ. 1860ರ ಬ್ರಿಟಿಷ್ ಕಾನೂನು ಬೆಳಕಿನ ಅಳತೆಗೂ ಇದನ್ನೇ ಆಧಾರವಾಗಿಸಿತು. ಪೌಂಡಿಗೆ ಆರು ತೂಗುವ, ಗಂಟೆಗೆ 120 ಗ್ರೇನಿನಂತೆ ಉರಿಯುವ ತಿಮಿಂಗಿಲಮೇಣದ ಬತ್ತಿಯ ಪ್ರಕಾಶವೇ ಒಂದು ‘ಕ್ಯಾಂಡಲ್ ಪವರ್’. ಬೆಳಕಿನ ಮಾನದಂಡವೇ ಒಂದು ಪಂಚೇಂದ್ರಿಯ ಜೀವಿಯ ವಧೆಯಿಂದ ಬಂದುದಾಗಿತ್ತು!

ಈ ಮೂರೂ ಸ್ವಾಭಾವಿಕ ಮೇಣಗಳೇ. ಬತ್ತಿಯಿಂದ ತಿಮಿಂಗಿಲವನ್ನು ದೂರ ಸರಿಸಿದ್ದು, ಕೃತಕವೆಂದು ನಾವು ಹೀಗಳೆಯುವ ಪ್ಯಾರಾಫಿನ್. 1830ರಲ್ಲಿ ರೈಖೆನ್‌ಬಾಖ್ ಅದನ್ನು ಕಂಡುಹಿಡಿದರು. 1850ರಲ್ಲಿ ಜೇಮ್ಸ್ ಯಂಗ್ ಕಲ್ಲಿದ್ದಲಿನಿಂದ ತೆಗೆಯುವ ವಿಧಾನಕ್ಕೆ ಪೇಟೆಂಟ್ ಪಡೆದರು. ಆದರೆ ಇಲ್ಲಿಯೂ ಒಂದು ತೊಡಕುಂಟು. ಪ್ಯಾರಾಫಿನ್ ಗಟ್ಟಿಯಾಗಲು ಅನೇಕರು ಸ್ಟಿಯರಿನ್ ಬೆರೆಸುತ್ತಾರೆ. ಫ್ರಾನ್ಸಿನ ಷೆವ್ರಲ್ ಮತ್ತು ಗೇ-ಲುಸಾಕ್ 1825ರಲ್ಲಿ ಪೇಟೆಂಟ್ ಪಡೆದ ಈ ಪದಾರ್ಥವು ತಾಳೆಯೆಣ್ಣೆಯಿಂದಲೂ ಆದೀತು, ಕಸಾಯಿಖಾನೆಯ ಕೊಬ್ಬಿನಿಂದಲೂ ಆದೀತು. ಹೆಸರು ಮಾತ್ರ ಒಂದೇ. ಮೂವತ್ತು ವರ್ಷ ಅಂಗಡಿಯಲ್ಲಿ ಮೇಣದ ಬತ್ತಿ ಮಾರಿದ ನಾನು, ಇದು ಯಾವುದರದ್ದೆಂದು ಒಮ್ಮೆಯೂ ಕೇಳಲಿಲ್ಲ. ಬೆಲೆ ಕೇಳಿದೆ, ತೂಕ ನೋಡಿದೆ, ಅಷ್ಟೇ.

ಜೇನುಮೇಣದ ವಿಷಯದಲ್ಲಿ ನಮ್ಮವರಲ್ಲೇ ಭಿನ್ನಾಭಿಪ್ರಾಯವಿದೆ. ಸಮಂತಭದ್ರಾಚಾರ್ಯರ ರತ್ನಕರಂಡ ಶ್ರಾವಕಾಚಾರವು ಮದ್ಯ, ಮಾಂಸಗಳೊಡನೆ ಮಧುವನ್ನೂ ತ್ಯಜಿಸಲು ವಿಧಿಸುತ್ತದೆ. ಮೇಣವನ್ನು ತಿನ್ನುವುದಿಲ್ಲವಲ್ಲ ಎಂಬುದು ಕೆಲವರ ವಾದ. ನನಗೆ ಅದು ಒಪ್ಪಿಗೆಯಿಲ್ಲ. ಮೇಣವು ಕೆಲಸಗಾರ ಜೇನುನೊಣದ ಹೊಟ್ಟೆಯಡಿಯ ಗ್ರಂಥಿಗಳಿಂದ ಒಸರಿದ್ದು. ಅದು ಮರಿಗಳ ತೊಟ್ಟಿಲು. ಹೆಜ್ಜೇನನ್ನು ಹೊಗೆಯಿಟ್ಟು ಓಡಿಸಿ ಹುಟ್ಟನ್ನು ಇಡಿಯಾಗಿ ಕೊಯ್ದರೆ ಮರಿಗಳೂ ಅದರೊಡನೆ ಹೋಗುತ್ತವೆ. ಮಧುವಿಗೆ ಇರುವ ದೋಷವು ಮೇಣಕ್ಕೆ ಹೇಗೆ ಇಲ್ಲವಾದೀತು?

ಸೋಯಾ, ತೆಂಗಿನ ಮೇಣಗಳ ಬತ್ತಿಗಳೂ ಈಗ ದೊರೆಯುತ್ತವೆ. ಅವನ್ನು ಕೊಳ್ಳುವಾಗಲೂ ಬೇರೇನು ಬೆರೆತಿದೆಯೆಂದು ಟ್ರಸ್ಟಿನವರು ತಯಾರಕರಿಂದ ಬರವಣಿಗೆಯಲ್ಲಿ ಪಡೆಯುವುದು ಮೇಲು.

ಆ ಪೆಟ್ಟಿಗೆಯ ಬದಿಯಲ್ಲಿ ಸಣ್ಣಕ್ಷರಗಳಲ್ಲಿ ‘ಜೇನುಮೇಣ, ಸ್ಟಿಯರಿನ್’ ಎಂದಿತ್ತು. ತಂದವರಿಗೆ ತೋರಿಸಿದೆವು. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಓದಿ, ತಾವೇ ಪೆಟ್ಟಿಗೆಯನ್ನು ಕಂಕುಳಿಗೆ ಸೇರಿಸಿದರು. ಮರುದಿನ ಮುಂಜಾನೆಯ ನಿರ್ವಾಣ ಪೂಜೆಗೆ ತೆಂಗಿನೆಣ್ಣೆಯ ದೀಪಗಳನ್ನು ಹಚ್ಚಿ, ಹುಳುಗಳು ಬೀಳದಂತೆ ಗಾಜಿನ ಮರೆಯಲ್ಲಿ ಇರಿಸಿದೆವು, ಎಣ್ಣೆ ಅವರದೇ.