ಮುಖಪುಟ ಕಳೆದುಕೊಂಡ ಚಂದಮಾಮ

ತಾಳೆಗರಿಗಳನ್ನು ಅರಸಿ ಊರೂರು ಅಲೆದವರಿಗೆ ನಮ್ಮ ವಿದ್ವತ್‌ಲೋಕದಲ್ಲಿ ಗೌರವವುಂಟು. ರದ್ದಿ ಅಂಗಡಿಯ ಮೂಲೆಯಲ್ಲಿ ಕುಳಿತು ‘ಚಂದಮಾಮ’ದ ಹಳೆಯ ಸಂಚಿಕೆಗಳನ್ನು ಆರಿಸುವವನಿಗೆ ದೊರೆಯುವುದು ಮುಗುಳ್ನಗೆ ಮಾತ್ರ. ನಾನು ಎರಡನೆಯ ಪಂಗಡದವನು. ಪಂಪ, ರನ್ನರ ಪಾಠಾಂತರಗಳನ್ನು ತರಗತಿಯಲ್ಲಿ ಚರ್ಚಿಸಿದವನಿಗೆ ಇದೇಕೆಂದು ಮಿತ್ರರು ಕೇಳುವುದುಂಟು. ಎರಡೂ ಒಂದೇ ಬಗೆಯ ಕೆಲಸವೆಂಬುದು ನನ್ನ ಉತ್ತರ.

ಚಂದಮಾಮ 1947ರ ಜುಲೈ ತಿಂಗಳಲ್ಲಿ ಮದರಾಸಿನಿಂದ ತೆಲುಗು, ತಮಿಳು ಭಾಷೆಗಳಲ್ಲಿ ಹೊರಟಿತು. ಹೊರಡಿಸಿದವರು ಚಲನಚಿತ್ರರಂಗದಲ್ಲೂ ಹೆಸರಾದ ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ. ಕನ್ನಡದ ಆವೃತ್ತಿ ಬಂದದ್ದು 1949ರಲ್ಲಿ. ಭಾಷೆಗಳು ಹೆಚ್ಚಿದಂತೆ ಅಕ್ಷರಗಳು ಬದಲಾದುವು, ಚಿತ್ರಗಳು ಬದಲಾಗಲಿಲ್ಲ. ಧಾರವಾಡದ ಬಾಲಕ ಕಂಡ ಭೀಮನೂ ಗುಂಟೂರಿನ ಬಾಲಕಿ ಕಂಡ ಭೀಮನೂ ಒಬ್ಬನೇ! ಒಂದು ಪೀಳಿಗೆಯ ಮನಸ್ಸಿನಲ್ಲಿ ಪುರಾಣಪುರುಷರಿಗೆ ಮುಖವನ್ನು ಕೊಟ್ಟವರು ಕವಿಗಳಿಗಿಂತ ಹೆಚ್ಚಾಗಿ ಈ ಚಿತ್ರಕಾರರೇ ಎಂದು ನಾನು ಭಾವಿಸುತ್ತೇನೆ.

ಅವರಲ್ಲಿ ಎಂ.ಟಿ.ವಿ. ಆಚಾರ್ಯರು ಕನ್ನಡಿಗರು. ಮಹಾಭಾರತದ ಸನ್ನಿವೇಶಗಳನ್ನು ಅವರು ಮುಖಪುಟಗಳಿಗೆಂದು ವರ್ಣಗಳಲ್ಲಿ ರಚಿಸಿದರು. ‘ಚಿತ್ರಾ’ ಎಂಬ ಅಂಕಿತದ ರಾಘವನ್, ‘ವಪಾ’ ಎಂದು ಪ್ರಸಿದ್ಧರಾದ ವಡ್ಡಾದಿ ಪಾಪಯ್ಯ, 1952ರಲ್ಲಿ ಬಂದು ಸೇರಿದ ಶಂಕರ್ ಇವರೆಲ್ಲ ಅದೇ ಬಳಗದವರು. ಹೆಗಲ ಮೇಲೆ ಶವ, ಕೈಯಲ್ಲಿ ಕತ್ತಿ ಹಿಡಿದು ಸ್ಮಶಾನದಲ್ಲಿ ನಡೆಯುವ ವಿಕ್ರಮನನ್ನು ನಮಗೆ ಕೊಟ್ಟವರು ಶಂಕರ್. ಅವರು ತೀರಿಕೊಂಡದ್ದು 2020ರಲ್ಲಿ. ಪತ್ರಿಕೆಯ ಮುದ್ರಣ 2013ರ ಹೊತ್ತಿಗೇ ನಿಂತುಹೋಗಿತ್ತು.

ಈ ಚಿತ್ರಗಳಿಗೆ ಕಂಟಕವಾದದ್ದು ಗೆದ್ದಲಲ್ಲ, ಓದುಗರ ಅಕ್ಕರೆ. ವರ್ಷದ ಹನ್ನೆರಡು ಸಂಚಿಕೆಗಳನ್ನು ಕೂಡಿಸಿ ಬೈಂಡಿಂಗಿಗೆ ಕೊಡುವುದು ಮಧ್ಯಮವರ್ಗದ ಮನೆಗಳ ವಾಡಿಕೆಯಾಗಿತ್ತು. ಬೈಂಡು ಮಾಡುವವನು ಮುಖಪುಟವನ್ನು ಕಿತ್ತೆಸೆಯುವನು. ಜಾಹೀರಾತಿನ ಹಾಳೆಗಳನ್ನು ತೆಗೆಯುವನು. ಮೂರು ಅಂಚುಗಳನ್ನು ಸಮನಾಗಿ ಕತ್ತರಿಸುವನು. ಆ ಕತ್ತಿಗೆ ಒಮ್ಮೊಮ್ಮೆ ಚಿತ್ರಕಾರನ ಅಂಕಿತವೂ ಬಲಿಯಾಗುತ್ತಿತ್ತು. ನನ್ನಲ್ಲಿರುವ ಒಂದು ಸಂಪುಟದಲ್ಲಿ ಕಥೆಗಳೆಲ್ಲ ಸುರಕ್ಷಿತ, ಮುಖಪುಟ ಒಂದೂ ಇಲ್ಲ. ಲಿಪಿಕಾರನ ಕೊನೆಯ ಮಾತು ಹರಿದುಹೋದ ಓಲೆಗ್ರಂಥದ ಗತಿಯೇ ಇದಕ್ಕೂ. ಯಾವ ತಿಂಗಳು, ಯಾವ ವರ್ಷ, ಯಾವ ಸೋಪಿನ ಕಾಲ ಎಂದು ಊಹಿಸುತ್ತ ಕೂರಬೇಕು. ಕಥೆಯ ಪಾಠ ಇಂದು ಗಣಕಯಂತ್ರದ ತೆರೆಯ ಮೇಲೂ ಸಿಕ್ಕೀತು. ಕಿತ್ತೆಸೆದ ಆ ಹಾಳೆಯ ಕಾಗದವಾಗಲಿ, ಅದು ಹೀರಿದ ಶಾಯಿಯಾಗಲಿ ಅಲ್ಲಿ ಸಿಕ್ಕದು.

ಬಿಡಿ ಸಂಚಿಕೆಗಳಿಗೂ ಅವುಗಳದೇ ಕಷ್ಟಗಳುಂಟು. ಮರದ ತಿರುಳಿನ ಅಗ್ಗದ ಕಾಗದದಲ್ಲಿ ಆಮ್ಲ ಹುಟ್ಟುತ್ತದೆ. ಬೆಳಕು ತಗುಲಿದಷ್ಟೂ ಕಂದುತ್ತದೆ. ಬೆನ್ನಿನ ಕಬ್ಬಿಣದ ಪಿನ್ನು ತುಕ್ಕು ಹಿಡಿದು ಸುತ್ತಲಿನ ಹಾಳೆಯನ್ನು ತಿನ್ನುತ್ತದೆ. ನಾನು ಪಿನ್ನನ್ನು ಬಿಡಿಸಿ, ಹತ್ತಿಯ ದಾರ ಹಾಕಿ, ಕತ್ತಲಲ್ಲಿ ಮಟ್ಟಸವಾಗಿ ಇಡುತ್ತೇನೆ. ಅಂಟುಪಟ್ಟಿಯನ್ನು ಮುಟ್ಟಿಸುವುದಿಲ್ಲ, ವರ್ಷ ಕಳೆದಂತೆ ಅದೇ ಕಲೆಯಾಗುತ್ತದೆ.

ಮುಖಪುಟ ಉಳಿದ ಒಂದು ಬಿಡಿ ಸಂಚಿಕೆ ನನ್ನಲ್ಲಿದೆ. ಅದರ ಮೇಲ್ತುದಿಯಲ್ಲಿ ಯಾವನೋ ಬಾಲಕ ಪೆನ್ಸಿಲಿನಿಂದ ತನ್ನ ಹೆಸರನ್ನೂ ತರಗತಿಯನ್ನೂ ಗುಂಡಗೆ ಬರೆದಿದ್ದಾನೆ. ಅಳಿಸಿದರೆ ಸಂಚಿಕೆಗೆ ಬೆಲೆ ಹೆಚ್ಚೀತೆಂದು ಸಂಗ್ರಾಹಕರೊಬ್ಬರು ಹೇಳಿದರು. ನಾನು ಅಳಿಸಿಲ್ಲ.