ಹಡಗು ಷೇರು: ಬಾಡಿಗೆ ಏರಿಕೆಯಷ್ಟೇ ಮಾನದಂಡವಲ್ಲ

ಸರಕು ಸಾಗಣೆಗೆ ಅಡಚಣೆ ಉಂಟಾದಾಗಲೆಲ್ಲ ಹೂಡಿಕೆದಾರರ ಗಮನ ಹಡಗು ಹಾಗೂ ವಿಮಾನ ಸಾಗಣೆ ಕಂಪನಿಗಳತ್ತ ಹರಿಯುತ್ತದೆ. ಹಡಗುಗಳ ಸಂಖ್ಯೆಯನ್ನು ದಿಢೀರನೆ ಹೆಚ್ಚಿಸಲಾಗದ ಕಾರಣ ಬಾಡಿಗೆ ಗಗನಕ್ಕೇರುತ್ತದೆ.

2020ರಲ್ಲಿ ಕೋವಿಡ್‌ನಿಂದಾಗಿ ಪ್ರಯಾಣಿಕ ವಿಮಾನಗಳ ಹಾರಾಟ ಸ್ಥಗಿತಗೊಂಡಾಗ, ಅವುಗಳಲ್ಲಿ ಸಾಗುತ್ತಿದ್ದ ಸರಕಿಗೂ ಸ್ಥಳಾವಕಾಶವಿಲ್ಲದೆ ವಿಮಾನ ಸಾಗಣೆ ದರ ಏರಿತು. ಬಳಿಕ ಬಂದರುಗಳ ದಟ್ಟಣೆಯಿಂದ ಕಂಟೇನರ್ ಬಾಡಿಗೆ ಹಲವು ಪಟ್ಟು ಹೆಚ್ಚಿತು. ಡೆನ್ಮಾರ್ಕ್‌ನ ಮರ್ಸ್ಕ್ ಕಂಪನಿ 2022ರಲ್ಲಿ ಸುಮಾರು 2,900 ಕೋಟಿ ಡಾಲರ್ ನಿವ್ವಳ ಲಾಭ ಗಳಿಸಿತು. ಮರುವರ್ಷವೇ ಲಾಭ ಸುಮಾರು 390 ಕೋಟಿ ಡಾಲರ್‌ಗೆ ಕುಸಿಯಿತು.

ಲಾಭದ ದಿನಗಳಲ್ಲಿ ಕಂಪನಿಗಳು ಹೊಸ ಹಡಗುಗಳಿಗೆ ಬೇಡಿಕೆ ಸಲ್ಲಿಸುತ್ತವೆ. ಅವು ನೀರಿಗಿಳಿಯಲು ಎರಡು-ಮೂರು ವರ್ಷ ಬೇಕು. ಅಷ್ಟರಲ್ಲಿ ಅಡಚಣೆ ನಿವಾರಣೆಯಾದರೆ ಹಡಗುಗಳು ಹೆಚ್ಚಿ, ಸರಕು ಸಾಲದಾಗುತ್ತದೆ. ಅದಿರು, ಕಲ್ಲಿದ್ದಲು, ಧಾನ್ಯ ಸಾಗಿಸುವ ಹಡಗುಗಳ ಬಾಡಿಗೆಯನ್ನು ಅಳೆಯುವ ಬಾಲ್ಟಿಕ್ ಡ್ರೈ ಸೂಚ್ಯಂಕ 2008ರ ಮೇ ತಿಂಗಳಲ್ಲಿ 11,793 ಅಂಶ ಮುಟ್ಟಿತ್ತು. ಆರ್ಥಿಕ ಬಿಕ್ಕಟ್ಟಿನಿಂದಾಗಿ ಅದೇ ಡಿಸೆಂಬರ್‌ನಲ್ಲಿ 663ಕ್ಕಿಳಿಯಿತು. ಹಡಗುಗಳ ಆಧಿಕ್ಯ ಹಾಗೂ ಬೇಡಿಕೆ ಕುಸಿತದಿಂದ 2016ರ ಫೆಬ್ರುವರಿಯಲ್ಲಿ 290ಕ್ಕೆ ತಲುಪಿತು.

ಆದ್ದರಿಂದ ಷೇರು ಖರೀದಿಗೆ ಮುನ್ನ ಇಂದಿನ ಬಾಡಿಗೆಗಿಂತ ನಿರ್ಮಾಣ ಹಂತದಲ್ಲಿರುವ ಹಡಗುಗಳ ಪ್ರಮಾಣ, ಕಂಪನಿಯ ಸಾಲ ಹಾಗೂ ಬಾಡಿಗೆ ಒಪ್ಪಂದಗಳ ಅವಧಿಯನ್ನು ಪರಿಶೀಲಿಸುವುದು ಸೂಕ್ತ. ಒಂದೇ ವರ್ಷದ ಲಾಭವನ್ನು ನೆಚ್ಚಿ ಉಳಿತಾಯದ ಹಣ ತೊಡಗಿಸುವುದು ಅಪಾಯಕಾರಿ.